1 ಲಕ್ಷ ಕೋಟಿ ಬಂತು, ಆದ್ರೂ ವಿಜ್ಞಾನಿಗಳಿಗೆ ಸಮಾಧಾನ ಯಾಕಿಲ್ಲ? ಉತ್ತರ ಒಂದು ಹಳೇ ಫ್ರೀಜರ್‌ನಲ್ಲಿದೆ

2025ರ ನವೆಂಬರ್ 3ರಂದು ದಿಲ್ಲಿಯಲ್ಲಿ ಪ್ರಧಾನಿ ಮೋದಿ ಅವರು 1 ಲಕ್ಷ ಕೋಟಿ ರೂಪಾಯಿಯ ಆರ್‌ಡಿಐ ನಿಧಿಗೆ ಚಾಲನೆ ಕೊಟ್ರು. ಆರ್‌ಡಿಐ ಅಂದ್ರೆ ಸಂಶೋಧನೆ, ಅಭಿವೃದ್ಧಿ, ಹೊಸ ಆವಿಷ್ಕಾರ. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಒಂದೇ ಸಲಕ್ಕೆ ಇಷ್ಟು ದೊಡ್ಡ ಮೊತ್ತ ಕೇಳಿದ್ದೇ ಕಮ್ಮಿ. ಆದ್ರೆ ಅದರ ಹಿಂದೆ ಮುಂದೆ ಬಂದ ಸುದ್ದಿಗಳನ್ನ ನೋಡಿ, ಫೆಲೋಶಿಪ್ ತಿಂಗಳುಗಟ್ಟಲೆ ಬಂದಿಲ್ಲ ಅಂತ ಪಿಎಚ್‌ಡಿ ಹುಡುಗ್ರು ಅಳಲು ತೋಡ್ಕೊಂಡಿದ್ದಾರೆ, ಮೂಲ ವಿಜ್ಞಾನಕ್ಕೆ ದುಡ್ಡಿಲ್ಲ ಅಂತ ಹಿರಿಯ ವಿಜ್ಞಾನಿಗಳು ಬರೀತಾನೇ ಇದ್ದಾರೆ. ಬೆಂಗಳೂರಿನಂಥ ಊರಲ್ಲಿ, ಅಂದ್ರೆ ಟಾಟಾ ಇನ್‌ಸ್ಟಿಟ್ಯೂಟ್ (ಐಐಎಸ್‌ಸಿ), ಜೀವವಿಜ್ಞಾನದ ಸಂಶೋಧನೆ ಮಾಡೋ ಎನ್‌ಸಿಬಿಎಸ್, ಜವಾಹರಲಾಲ್ ನೆಹರು ಸೆಂಟರ್ ಎಲ್ಲಾ ಇರೋ ಊರಲ್ಲಿ, ಪಕ್ಕದ್ಮನೆ ಹುಡುಗನೋ ಹುಡುಗಿನೋ ಲ್ಯಾಬಲ್ಲಿ ಕೆಲಸ ಮಾಡ್ತಿರೋದು ಹೊಸದೇನಲ್ಲ, ಹಾಗಾಗಿ ಈ ಗೊಂದಲ ಇಲ್ಲಿ ಸ್ವಲ್ಪ ಜಾಸ್ತಿನೇ. ದುಡ್ಡು ಬಂತೋ ಇಲ್ವೋ? ಬಂದಿದ್ರೆ ಎಲ್ಲಿಗೆ ಹೋಯ್ತು?

ಎರಡೂ ಸುದ್ದಿ ನಿಜ. ಅದು ಹೇಗೆ ಅಂತ ಅರ್ಥ ಆಗ್ಬೇಕಾದ್ರೆ ಔಷಧಿಗಳು ಹೇಗೆ ಹುಟ್ತವೆ ಅನ್ನೋದನ್ನ, ಅದರಲ್ಲೂ ಯಾರೂ ಹುಡುಕದೇ ಇದ್ದಾಗ ಸಿಕ್ಕು ಲಕ್ಷಾಂತರ ಜೀವ ಉಳಿಸಿದ ಔಷಧಿಗಳ ಕತೆಯನ್ನ ಸ್ವಲ್ಪ ನಿಧಾನಕ್ಕೆ ನೋಡ್ಬೇಕು.

ಆ 1 ಲಕ್ಷ ಕೋಟಿ ಯಾರಿಗೆ?

ಒಂದು ತಂತ್ರಜ್ಞಾನ ಎಷ್ಟು ಹಣ್ಣಾಗಿದೆ ಅಂತ ಅಳೆಯೋಕೆ 1ರಿಂದ 9ರವರೆಗೆ ಒಂದು ಅಳತೆಗೋಲಿದೆ, ಟಿಆರ್‌ಎಲ್ ಅಂತಾರೆ, ನಾಸಾದವರು ಶುರು ಮಾಡಿದ್ದು. 1 ಅಂದ್ರೆ ಯಾರೋ ಏನನ್ನೋ ಗಮನಿಸಿದ್ದಾರೆ ಅಷ್ಟೇ, ಉಪಯೋಗ ಏನು ಅಂತ ಗೊತ್ತಿಲ್ಲ. 4 ಅಂದ್ರೆ ಲ್ಯಾಬಲ್ಲಿ ಇದು ಕೆಲಸ ಮಾಡುತ್ತೆ ಅಂತ ತೋರಿಸಿ ಆಗಿದೆ. 9 ಅಂದ್ರೆ ಜನ ಬಳಸ್ತಾ ಇದ್ದಾರೆ. ಆರ್‌ಡಿಐ ನಿಧಿ ಇರೋದು 4 ಮತ್ತು ಅದಕ್ಕಿಂತ ಮೇಲಿನ ಹಂತಕ್ಕೆ. ಅದೂ ಅನುದಾನ ಅಲ್ಲ, ಕಮ್ಮಿ ಬಡ್ಡಿಯ ಅಥವಾ ಬಡ್ಡಿ ಇಲ್ಲದ ದೀರ್ಘಾವಧಿ ಸಾಲ, ಸ್ಟಾರ್ಟಪ್‌ಗಳಾದ್ರೆ ಷೇರು ಬಂಡವಾಳ. ತಗೊಳ್ಳೋದು ಮುಖ್ಯವಾಗಿ ಖಾಸಗಿ ಕಂಪನಿಗಳು. ಯೂನಿವರ್ಸಿಟಿಯ ಮೂಲೆಲಿ ಬ್ಯಾಕ್ಟೀರಿಯಾ ಬೆಳೆಸ್ತಾ ಕೂತಿರೋರಿಗೆ ಇದರಿಂದ ನೇರವಾಗಿ ಏನೂ ಇಲ್ಲ.

ಮೂಲ ಸಂಶೋಧನೆಗೆ ಅಂತ ಇರೋದು ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್, 2023ರ ಕಾಯ್ದೆಯಿಂದ ಬಂದಿದ್ದು. 2023ರಿಂದ 2028ರವರೆಗೆ 50,000 ಕೋಟಿ ಅಂತ ಹೇಳಿದ್ರು. ಆದ್ರೆ ಅದರಲ್ಲಿ ಸರ್ಕಾರ ತನ್ನ ಜೇಬಿಂದ ಹಾಕೋದು 14,000 ಕೋಟಿ, ಉಳಿದ 36,000 ಕೋಟಿ ಉದ್ಯಮ, ದಾನಿಗಳು ಹೀಗೆ ಬೇರೆ ಕಡೆಯಿಂದ ಬರ್ಬೇಕು ಅನ್ನೋದು ಲೆಕ್ಕ. 14,000ನ್ನ 5 ವರ್ಷಕ್ಕೆ ಹಂಚಿದ್ರೆ ವರ್ಷಕ್ಕೆ 2,800 ಕೋಟಿ, ಇಡೀ ದೇಶಕ್ಕೆ. ಐಐಎಸ್‌ಸಿಗೆ, ಕೇಂದ್ರ ಸರ್ಕಾರದ ಸಿಎಸ್‌ಐಆರ್ ಲ್ಯಾಬ್‌ಗಳಿಗೆ ಬೇರೆ ಬಜೆಟ್ ಇದೆ ನಿಜ, ಆದ್ರೆ ಅದರ ದೊಡ್ಡ ಪಾಲು ಸಂಬಳ, ಕಟ್ಟಡ, ಕರೆಂಟು ಅಂತ ಹೋಗ್ಬಿಡುತ್ತೆ.

ಜಯದೇವದಿಂದ ಈಸ್ಟರ್ ದ್ವೀಪಕ್ಕೆ

ಬನ್ನೇರುಘಟ್ಟ ರಸ್ತೆಯ ಜಯದೇವ ಆಸ್ಪತ್ರೆಗೆ ಎದೆನೋವು ಅಂತ ಹೋದವರಿಗೆ ಸ್ಟೆಂಟ್ ಹಾಕಿದ್ರು ಅನ್ನೋ ಮಾತು ಈಗ ಮನೆಮನೆಲೂ ಕೇಳುತ್ತೆ. ಸ್ಟೆಂಟ್ ಅಂದ್ರೆ ಕಟ್ಟಿಕೊಂಡ ರಕ್ತನಾಳವನ್ನ ತೆರೆದು ಹಿಡಿಯೋ ಸಣ್ಣ ಲೋಹದ ಬಲೆ. ಮೊದಲು ಬರಿ ಲೋಹದ ಬಲೆ ಹಾಕ್ತಿದ್ರು, ಆಗ ಒಂದು ತೊಂದ್ರೆ ಇತ್ತು: ನಾಳದ ಒಳಗೋಡೆಗೆ ಗಾಯ ಆಗುತ್ತಲ್ಲ, ಅಲ್ಲಿನ ಜೀವಕೋಶಗಳು ಗಾಯ ಮುಚ್ಚೋ ಭರದಲ್ಲಿ ಬೇಕಿದ್ದಕ್ಕಿಂತ ಹೆಚ್ಚು ಬೆಳೆದು ಮತ್ತೆ ನಾಳ ಕಿರಿದಾಗ್ತಿತ್ತು, 100ರಲ್ಲಿ 20-30 ಜನಕ್ಕೆ ಹೀಗಾಗ್ತಿತ್ತು. ಈಗಿನ ಸ್ಟೆಂಟ್‌ಗಳ ಮೇಲೆ ಔಷಧಿಯ ಲೇಪ ಇರುತ್ತೆ, ಅದು ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗಿ ಆ ಬೆಳವಣಿಗೆಯನ್ನ ತಡೆಯುತ್ತೆ. ಆ ಲೇಪ ಬಹುಪಾಲು ಸಿರೋಲಿಮಸ್, ಇಲ್ಲಾಂದ್ರೆ ಅದೇ ವಂಶದ ಇನ್ನೊಂದು ಔಷಧಿ.

ಈ ಸಿರೋಲಿಮಸ್ ಬಂದಿದ್ದು ಎಲ್ಲಿಂದ ಗೊತ್ತಾ, ಪೆಸಿಫಿಕ್ ಸಾಗರದ ನಡುಮಧ್ಯೆ ಇರೋ ಈಸ್ಟರ್ ದ್ವೀಪದ ಮಣ್ಣಿಂದ. ಅಲ್ಲಿಗೆ ವಿಮಾನ ನಿಲ್ದಾಣ ಬರೋದಿತ್ತು, ಹೊರಗಿನ ಜನ ನುಗ್ಗೋಕೆ ಮುಂಚೆ ಅಲ್ಲಿನವರ ಆರೋಗ್ಯ ಹೇಗಿದೆ ನೋಡೋಣ ಅಂತ 1964ರ ಕೊನೆಗೆ ಕೆನಡಾದ ವೈದ್ಯರ ತಂಡ ಹಡಗು ಹತ್ತಿ ಹೋಯ್ತು. ತಂಡದಲ್ಲಿದ್ದ ಸೂಕ್ಷ್ಮಜೀವಿ ತಜ್ಞ ಜಾರ್ಜ್ ನೊಗ್ರಾಡಿಗೆ ಒಂದು ವಿಷಯ ವಿಚಿತ್ರ ಅನ್ನಿಸ್ತು. ಊರ್ ತುಂಬಾ ಕುದುರೆ (ಧನುರ್ವಾಯು ರೋಗಾಣು ಕುದುರೆ ಲದ್ದಿಲಿ, ಮಣ್ಣಲ್ಲಿ ಇರುತ್ತೆ), ಜನ ಬರಿಗಾಲಲ್ಲಿ ಓಡಾಡ್ತಾರೆ, ಆದ್ರೂ ಧನುರ್ವಾಯು ಕಾಣ್ತಿಲ್ಲ, ಯಾಕೆ? ಅದನ್ನ ತಿಳಿಯೋಕೆ ಅಂತ ದ್ವೀಪದ ಉದ್ದಗಲಕ್ಕೂ ಮಣ್ಣು ತುಂಬ್ಕೊಂಡ್ರು. ಧನುರ್ವಾಯುಗೋಸ್ಕರ ತಂದ ಮಣ್ಣು ಕೊನೆಗೆ ಮಾಂಟ್ರಿಯಲ್‌ನ ಏಯರ್ಸ್ಟ್ ಕಂಪನಿಯ ಲ್ಯಾಬಿಗೆ ಬಂತು. ಅಲ್ಲಿ ಸುರೇನ್ ಸೆಹಗಲ್ ಅಂತ ಒಬ್ಬ ವಿಜ್ಞಾನಿ ಇದ್ರು, ಈಗ ಪಾಕಿಸ್ತಾನದಲ್ಲಿರೋ ಖುಶಾಬ್‌ನಲ್ಲಿ ಹುಟ್ಟಿ, ಬನಾರಸ್ ಹಿಂದೂ ಯೂನಿವರ್ಸಿಟಿಲಿ ಓದಿದವರು. 1972ರಲ್ಲಿ ಆ ಮಣ್ಣಿನ ಬ್ಯಾಕ್ಟೀರಿಯಾದಿಂದ ಅವರ ತಂಡ ಒಂದು ವಸ್ತು ಬೇರ್ಪಡಿಸ್ತು, ದ್ವೀಪದ ಸ್ಥಳೀಯ ಹೆಸರು ರಾಪಾ ನುಯಿ, ಅದಕ್ಕೇ ರಾಪಾಮೈಸಿನ್ ಅಂತ ಕರೆದ್ರು. ಸಿರೋಲಿಮಸ್ ಅಂದ್ರೆ ಅದೇ.

ಅವರು ಹುಡುಕ್ತಿದ್ದಿದ್ದು ಶಿಲೀಂಧ್ರ ಸೋಂಕಿಗೆ, ಅಂದ್ರೆ ಫಂಗಸ್‌ಗೆ ಔಷಧಿ. ಇದು ಫಂಗಸ್ಸನ್ನೇನೋ ಕೊಲ್ತಿತ್ತು, ಆದ್ರೆ ಜೊತೆಗೆ ದೇಹದ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸ್ತಿತ್ತು. ಸೋಂಕಿಗೆ ಕೊಡೋ ಔಷಧಿ ನಿರೋಧಕ ಶಕ್ತಿಯನ್ನೇ ಕಮ್ಮಿ ಮಾಡಿದ್ರೆ ಏನ್ ಪ್ರಯೋಜನ, ಹಾಗಾಗಿ ಅದು ಫೇಲ್. 80ರ ದಶಕದ ಶುರುವಲ್ಲಿ ಕಂಪನಿ ಮಾಂಟ್ರಿಯಲ್ ಲ್ಯಾಬನ್ನೇ ಮುಚ್ತು, ಹೆಚ್ಚಿನವರು ಕೆಲಸ ಕಳ್ಕೊಂಡ್ರು, ಸೆಹಗಲ್‌ಗೆ ಅಮೆರಿಕದ ನ್ಯೂಜೆರ್ಸಿಗೆ ವರ್ಗ ಆಯ್ತು. ಹೋಗೋ ಮುಂಚೆ ಅವರು ಕೊನೆಯದಾಗಿ ಒಂದಷ್ಟು ಬ್ಯಾಕ್ಟೀರಿಯಾ ಬೆಳೆಸಿ, ಸಣ್ಣ ಸೀಸೆಗಳಲ್ಲಿ ತುಂಬಿ, ಮನೆ ಫ್ರೀಜರ್‌ನಲ್ಲಿ ಐಸ್‌ಕ್ರೀಮ್ ಪಕ್ಕದಲ್ಲಿಟ್ರು, ಮೇಲೆ 'ತಿನ್ನಬೇಡಿ' ಅಂತ ಚೀಟಿ ಅಂಟಿಸಿದ್ರು ಅಂತ ಅವರ ಮನೆಯವರು ನೆನಪಿಸ್ಕೊಂಡಿದ್ದಾರೆ. ಮನೆ ಬದಲಾಯಿಸುವಾಗ ಆ ಸೀಸೆಗಳೂ ಜೊತೆಗೇ ಹೋದ್ವು. 1987ರಲ್ಲಿ ಕಂಪನಿ ವೈಯತ್ ಜೊತೆ ಸೇರ್ಕೊಂಡಾಗ ಹೊಸ ಮ್ಯಾನೇಜ್‌ಮೆಂಟ್ ಮುಂದೆ ಸೆಹಗಲ್ ಮತ್ತೆ ಅದೇ ವಿಷಯ ಎತ್ತಿದ್ರು: ನಿರೋಧಕ ಶಕ್ತಿ ಕುಗ್ಗಿಸೋದು ದೋಷ ಅಂತಿದ್ರಲ್ಲ, ಕಿಡ್ನಿ ಕಸಿ ಮಾಡಿಸ್ಕೊಂಡವರಿಗೆ ಬೇಕಾಗಿರೋದೇ ಅದು, ಇಲ್ಲಾಂದ್ರೆ ದೇಹ ಹೊಸ ಕಿಡ್ನಿಯನ್ನ ಒಪ್ಪಲ್ಲ. 1999ರಲ್ಲಿ ಅಮೆರಿಕದಲ್ಲಿ ಕಿಡ್ನಿ ಕಸಿಗೆ ಅನುಮತಿ ಸಿಕ್ತು, ನಾಲ್ಕೇ ವರ್ಷಕ್ಕೆ ಸ್ಟೆಂಟ್ ಮೇಲೂ ಬಂತು.

(ಆ ಮಣ್ಣು, ಆ ರಕ್ತದ ಸ್ಯಾಂಪಲ್ಲು ಕೊಟ್ಟ ರಾಪಾ ನುಯಿ ಜನರ ಹೆಸರು ಈ ಕತೆಯಲ್ಲಿ ಬರೋದೇ ಅಪರೂಪ. ಅದು ಆಗಬಾರದಿದ್ದ ಅನ್ಯಾಯ, ಇಲ್ಲಿ ಹೇಳದೇ ಮುಂದೆ ಹೋಗೋದು ಸರಿಯಲ್ಲ.)

ಈಗ ಟಿಆರ್‌ಎಲ್ ಅಳತೆಗೋಲು ಹಿಡ್ಕೊಂಡು ನೋಡಿ. 1964ರಲ್ಲಿ ಮಣ್ಣು ತುಂಬಿದಾಗ ಇದು 1 ಕೂಡ ಅಲ್ಲ. 1983ರ ಹೊತ್ತಿಗೆ ಕಂಪನಿಯ ಪುಸ್ತಕದಲ್ಲಿ ಸೊನ್ನೆ.

ಅಚಾನಕ್ ಅಂದ್ರೆ ಲಾಟರಿ ಅಲ್ಲ

ಹುಡುಕೋ ಬಳ್ಳಿ ಕಾಲಿಗೆ ತೊಡರಿತು ಅಂತೀವಲ್ಲ, ಇಲ್ಲಿ ಆಗೋದು ಬೇರೆ. ಕಾಲಿಗೆ ತೊಡರೋದು ಹುಡುಕ್ತಾ ಇಲ್ಲದ ಬಳ್ಳಿ, ಅದನ್ನ ಕಿತ್ತು ಬಿಸಾಕದೆ ಇದ್ಯಾವ ಬಳ್ಳಿ ಅಂತ ಕೂತು ನೋಡೋಕೆ ಒಬ್ಬರಿಗೆ ಪುರುಸೊತ್ತು ಇರ್ಬೇಕು.

ಆ ಪುರುಸೊತ್ತು ಎಷ್ಟು ದಿನದ್ದು ಅಂತ ಕೇಳಿದ್ರೆ ಉತ್ತರ ವರ್ಷಗಳಲ್ಲಿ ಬರುತ್ತೆ. 1965ರಲ್ಲಿ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಲಿ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳ ನಡುವೆ ಕರೆಂಟ್ ಹಾಯಿಸಿದ್ರೆ ಏನಾಗುತ್ತೆ ಅಂತ ನೋಡ್ತಿದ್ರು. ಜೀವಕೋಶ ಎರಡಾಗೋವಾಗ ಅದರೊಳಗೆ ಕಾಣೋ ಗೆರೆಗಳು ಅಯಸ್ಕಾಂತದ ಸುತ್ತ ಕಬ್ಬಿಣದ ಪುಡಿ ನಿಲ್ಲೋ ಥರಾನೇ ಇವೆಯಲ್ಲ ಅನ್ನೋದಷ್ಟೇ ಅವರ ತಲೇಲಿ ಇದ್ದಿದ್ದು. ಕರೆಂಟ್ ಕೊಟ್ಟಾಗ ಬ್ಯಾಕ್ಟೀರಿಯಾ ಸಾಯ್ಲಿಲ್ಲ, ಆದ್ರೆ ಎರಡಾಗೋದನ್ನ ನಿಲ್ಲಿಸಿ ಶಾವಿಗೆ ಥರ ಉದ್ದಕ್ಕೆ ಬೆಳೆಯೋಕೆ ಶುರು ಮಾಡಿದ್ವು, ಮಾಮೂಲಿಗಿಂತ 300 ಪಟ್ಟು ಉದ್ದ. ಕರೆಂಟಿಂದಾನೇ ಹೀಗಾಯ್ತು ಅಂತ ಬರೆದು ಮುಗಿಸಿಬಿಡಬಹುದಿತ್ತು. ಅವರು ಹಾಗೆ ಮಾಡದೆ ಒಂದೊಂದೇ ಕಾರಣ ತೆಗೆದುಹಾಕ್ತಾ ಹೋದ್ರು, ಕೊನೆಗೆ ಗೊತ್ತಾಗಿದ್ದು ಕರೆಂಟ್ ಹಾಯಿಸೋಕೆ ಇಟ್ಟಿದ್ದ ಪ್ಲಾಟಿನಂ ತಗಡಿನಿಂದ ಒಂದಿಷ್ಟು ಲೋಹ ಕರಗಿ, ದ್ರಾವಣದಲ್ಲಿದ್ದ ಅಮೋನಿಯಂ ಲವಣದ ಜೊತೆ ಸೇರಿ ಹೊಸ ವಸ್ತು ಆಗಿತ್ತು ಅಂತ. ಪ್ಲಾಟಿನಂ ಯಾವುದರ ಜೊತೆಗೂ ಸೇರಲ್ಲ ಅಂತಾನೇ ಅದನ್ನ ಇಟ್ಟಿದ್ದು! ಬ್ಯಾಕ್ಟೀರಿಯಾ ಎರಡಾಗೋದನ್ನ ತಡೆಯೋದಾದ್ರೆ ಕ್ಯಾನ್ಸರ್ ಕೋಶ ಎರಡಾಗೋದನ್ನೂ ತಡೀಬಹುದಲ್ವಾ ಅನ್ನೋ ಪ್ರಶ್ನೆ ಅಲ್ಲಿಂದ ಹುಟ್ತು. 1978ರಲ್ಲಿ ಅದು ಸಿಸ್‌ಪ್ಲಾಟಿನ್ ಅನ್ನೋ ಔಷಧಿಯಾಗಿ ಬಂತು. ವೃಷಣದ ಕ್ಯಾನ್ಸರ್ ಹರಡಿದ್ರೆ ಬದುಕೋದೇ ಕಷ್ಟ ಅನ್ನೋ ಕಾಲ ಇತ್ತು, ಈಗ ಬಹುಪಾಲು ಜನ ಪೂರ್ತಿ ಗುಣ ಆಗ್ತಾರೆ.

ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೆ ಗುಟ್ಕಾ, ಹೊಗೆಸೊಪ್ಪಿನಿಂದ ಬಾಯಿ-ಗಂಟಲು ಕ್ಯಾನ್ಸರ್ ಆಗಿ ಬರೋರು ಕರ್ನಾಟಕದ ಮೂಲೆಮೂಲೆಯಿಂದ ಬರ್ತಾರೆ. ರೇಡಿಯೇಷನ್ ಜೊತೆ ಅವರಿಗೆ ಕೊಡೋ ಕೀಮೋದಲ್ಲಿ ಇವತ್ತಿಗೂ ಸಿಸ್‌ಪ್ಲಾಟಿನ್ನೇ ಮುಖ್ಯ. ಕಿಡ್ನಿಗೆ ಪೆಟ್ಟು ಬೀಳಬಾರದು ಅಂತ ಮೊದಲು ಗ್ಲೂಕೋಸ್ ಬಾಟ್ಲಿ ಥರದ ಸಲೈನ್ ಹನಿಸ್ತಾರೆ, ಆಮೇಲೆ ಔಷಧಿ, ಆಮೇಲೆ ಮತ್ತೆ ಸಲೈನ್, ರೋಗಿಯ ಕಡೆಯವರು ಹನಿ ಬೀಳೋದನ್ನೇ ನೋಡ್ತಾ ಪಕ್ಕದಲ್ಲಿ ಕೂತಿರ್ತಾರೆ. ಈ ಸಿಸ್‌ಪ್ಲಾಟಿನ್ ಅನ್ನೋ ವಸ್ತುವನ್ನ ಇಟಲಿಯ ಮಿಕೇಲೆ ಪೆರೋನೆ 1845ರಲ್ಲೇ ಮಾಡಿಟ್ಟಿದ್ದರು. ಏನಕ್ಕೆ ಉಪಯೋಗ ಅಂತ ಗೊತ್ತಿಲ್ಲದೆ 120 ವರ್ಷ ಹಾಗೇ ಬಿದ್ದಿತ್ತು.

ವಾರ್ಫರಿನ್ ಕತೆಯೂ ಇಂಥದ್ದೇ. 1933ರ ಫೆಬ್ರವರಿಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಒಬ್ಬ ರೈತ ಹಿಮದ ಬಿರುಗಾಳಿಲಿ ಗಾಡಿ ಓಡಿಸ್ಕೊಂಡು, ಸತ್ತ ಕಡಸು, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನು ಮತ್ತೆ ಕೆಟ್ಟ ಹುಲ್ಲು ಹೊತ್ಕೊಂಡು ಬಂದ. ಪಶುವೈದ್ಯರ ಕಚೇರಿ ರಜೆ, ತಿರುಗಿ ತಿರುಗಿ ಅವನು ಹೊಕ್ಕಿದ್ದು ರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಲ್ಯಾಬಿಗೆ. ಆ ಹುಲ್ಲಲ್ಲಿದ್ದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡ್ತಿದ್ದ ವಸ್ತುವನ್ನ ಬೇರ್ಪಡಿಸೋಕೆ ಲಿಂಕ್ ತಂಡಕ್ಕೆ 6 ವರ್ಷ ಹಿಡೀತು. ಅದರಿಂದ ಹುಟ್ಟಿದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು, 1954ರಲ್ಲಿ ಮನುಷ್ಯರಿಗೆ ಔಷಧಿ ಆಯ್ತು. ಹೃದಯಕ್ಕೆ ಲೋಹದ ವಾಲ್ವ್ ಹಾಕಿಸ್ಕೊಂಡವರು 'ರಕ್ತ ತೆಳು ಮಾಡೋ ಮಾತ್ರೆ' ಅಂತ ಜೀವಮಾನ ಪೂರ್ತಿ ನುಂಗೋದು ಇದನ್ನ, ಇಲ್ಲಾ ಇದರದ್ದೇ ದಾಯಾದಿ ಮಾತ್ರೆಯನ್ನ, ಅದಕ್ಕೇ ಅವರು ಆಗಾಗ ಐಎನ್‌ಆರ್ ಟೆಸ್ಟ್, ಅಂದ್ರೆ ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತೆ ಅನ್ನೋ ಪರೀಕ್ಷೆ ಮಾಡಿಸ್ತಾ ಇರೋದು. ಹಸು ಯಾಕೆ ಸತ್ತಿತು ಅನ್ನೋ ಪ್ರಶ್ನೆಗೆ 6 ವರ್ಷ ಸಂಬಳ ಕೊಡೋರು ಇದ್ರಲ್ಲ, ನನ್ನ ಪ್ರಕಾರ ಇಡೀ ಕತೆಯಲ್ಲಿ ಮುಖ್ಯವಾದದ್ದು ಅದೇ.

ಇನ್ನೊಂದು ಕಡೆಯವರ ಮಾತಲ್ಲೂ ಹುರುಳಿದೆ

ಸರ್ಕಾರದ ಪರ, ಉದ್ಯಮದ ಪರ ಮಾತಾಡೋರ ವಾದವನ್ನ ತಳ್ಳಿಹಾಕೋಕಾಗಲ್ಲ. ಭಾರತ ಸಂಶೋಧನೆಗೆ ಖರ್ಚು ಮಾಡೋದು ಜಿಡಿಪಿಯ 0.64%, ಅದರಲ್ಲಿ ಖಾಸಗಿಯವರ ಪಾಲು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಮೇಲೆ. ದಕ್ಷಿಣ ಕೊರಿಯಾದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಕಂಪನಿಗಳೇ ಹಾಕ್ತಾವೆ. ಅಂದ್ಮೇಲೆ ಕೊರತೆ ಇರೋ ಜಾಗಕ್ಕೆ ತಾನೇ ದುಡ್ಡು ಹಾಕ್ಬೇಕು, ಇಲ್ಲಿ ಪೇಪರ್ ಪಬ್ಲಿಷ್ ಆಗ್ತವೆ, ಪ್ರಾಡಕ್ಟ್ ಬರಲ್ಲ, ಲ್ಯಾಬಿಗೂ ಫ್ಯಾಕ್ಟರಿಗೂ ನಡುವೆ ಸೇತುವೆ ಇಲ್ಲ ಅನ್ನೋದು ಅವರ ಮಾತು.

ಇದಕ್ಕೆ ಪೆನಿಸಿಲಿನ್‌ಗಿಂತ ಒಳ್ಳೆ ಸಾಕ್ಷಿ ಇಲ್ಲ. 1928ರ ಸೆಪ್ಟೆಂಬರ್‌ನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ರಜೆ ಮುಗಿಸಿ ಬಂದು ಬೂಷ್ಟು ಹಿಡಿದ ತಟ್ಟೆ ನೋಡಿದ್ದು ಎಲ್ಲರಿಗೂ ಗೊತ್ತು. ಆದ್ರೆ ಆಮೇಲೆ ಸುಮಾರು 10 ವರ್ಷ ಅದು ಬರಿ ಕಾಗದದಲ್ಲೇ ಇತ್ತು. ಆಕ್ಸ್‌ಫರ್ಡ್‌ನಲ್ಲಿ ಫ್ಲೋರಿ, ಚೈನ್, ಹೀಟ್ಲಿ ತಂಡ 1940ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸ್ತು. 1941ರಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಅನ್ನೋ ಪೊಲೀಸ್ ಪೇದೆಗೆ ಕೊಟ್ಟಾಗ ಚೇತರಿಸ್ಕೊಂಡ, ಆದ್ರೆ ಔಷಧಿ ಸಾಲಲಿಲ್ಲ. ಅವನ ಮೂತ್ರದಿಂದಲೇ ಪೆನಿಸಿಲಿನ್ ಮತ್ತೆ ತೆಗೆದು ಕೊಟ್ರು, ಅದೂ ಮುಗೀತು, ಅವನು ಸತ್ತ. ಯುದ್ಧದ ಒತ್ತಡದಲ್ಲಿ ಅಮೆರಿಕ ಸರ್ಕಾರ ಮತ್ತು ಕಂಪನಿಗಳು ಕೈಹಾಕಿದ್ಮೇಲೆ, 1944ರ ಜೂನ್‌ನಲ್ಲಿ ಸೈನ್ಯ ನಾರ್ಮಂಡಿಗೆ ಇಳಿಯೋ ಹೊತ್ತಿಗೆ 23 ಲಕ್ಷ ಡೋಸ್ ರೆಡಿ ಇತ್ತು. ಕಣ್ಣಿಗೆ ಬಿದ್ದಿದ್ದು ಅಚಾನಕ್, ಜೀವ ಉಳಿಸಿದ್ದು ಮಾತ್ರ ಗುರಿ ಇಟ್ಟು ಮಾಡಿದ ಕೆಲಸ.

ಇನ್ನೊಂದು ಆಕ್ಷೇಪ ಇನ್ನೂ ಗಟ್ಟಿ. ಗೆದ್ದ ಕತೆಗಳನ್ನ ಮಾತ್ರ ನಾವು ಹೇಳ್ತೀವಿ, ಏನೂ ಸಿಗದೆ ಮುಗಿದು ಹೋದ ಸಾವಿರಾರು ಪ್ರಯೋಗಗಳನ್ನ ಯಾರೂ ನೆನಪಿಟ್ಕೊಳ್ಳಲ್ಲ, ಅವಕ್ಕೂ ತೆರಿಗೆ ದುಡ್ಡೇ ಹೋಗಿದೆ. ನಿಜ. ಆದ್ರೆ ಯಾವುದು ಗೆಲ್ಲುತ್ತೆ ಅಂತ ಮುಂಚೆನೇ ಹೇಳೋಕಾಗೋದಾದ್ರೆ ಏಯರ್ಸ್ಟ್ ಕಂಪನಿ ತನ್ನ ಕೈಲಿದ್ದ ಔಷಧಿಯನ್ನ ಕೈಬಿಡ್ತಾನೇ ಇರ್ಲಿಲ್ಲ, ಲಾಭ ಲೆಕ್ಕ ಹಾಕೋದ್ರಲ್ಲಿ ಕಂಪನಿಯವರಿಗಿಂತ ಪಳಗಿದವರು ಯಾರು? ಹಂತ 4ರಿಂದ ಮೇಲಕ್ಕೆ ಸೇತುವೆ ಬೇಕು, ಒಪ್ಪೋಣ. ಸೇತುವೆ ದಾಟೋಕೆ ಈ ದಡದಲ್ಲಿ ಯಾರಾದ್ರೂ ಇರ್ಬೇಕಲ್ಲ. 1ರಿಂದ 3ರವರೆಗಿನ ಕೆಲಸಕ್ಕೆ ಯಾವ ಕಂಪನಿನೂ ಸಾಲ ಎತ್ತಲ್ಲ, ಯಾಕಂದ್ರೆ ಸಾಲ ಅಂದ್ಮೇಲೆ ತೀರಿಸ್ಬೇಕು, ತೀರಿಸೋ ದಾರಿ ಕಾಣದ ಪ್ರಶ್ನೆಗೆ ಸಾಲ ಮಾಡೋದು ಯಾರಿಗೂ ಬುದ್ಧಿವಂತಿಕೆ ಅಲ್ಲ. ಅಲ್ಲಿಗೆ ಬರಬಹುದಾದ ದುಡ್ಡು ಅನುದಾನ ಮಾತ್ರ.

ಟೆಂಡರ್ ಮುಗಿಯೋ ಹೊತ್ತಿಗೆ ಬ್ಯಾಕ್ಟೀರಿಯಾ ಸತ್ತಿರುತ್ತೆ

ದುಡ್ಡಿನಷ್ಟೇ ಮುಖ್ಯವಾದ ಇನ್ನೊಂದು ವಿಷಯದ ಬಗ್ಗೆ ಚರ್ಚೆ ಕಮ್ಮಿ. ಪ್ರಯೋಗದಲ್ಲಿ ಏನೋ ವಿಚಿತ್ರ ಕಾಣ್ತು ಅಂತಿಟ್ಕೊಳ್ಳಿ, ಅದರ ಹಿಂದೆ ಹೋಗೋಕೆ ಮೂಲ ಪ್ರಾಜೆಕ್ಟ್‌ನಲ್ಲಿ ಬರೆಯದೇ ಇದ್ದ ಒಂದು ಕೆಮಿಕಲ್ ನಾಳೆನೇ ಬೇಕು. ಸರ್ಕಾರಿ ಲ್ಯಾಬ್‌ಗಳು ವರ್ಷಗಟ್ಟಲೆ ಜೆಮ್ ಪೋರ್ಟಲ್‌ನಲ್ಲೇ, ಅಂದ್ರೆ ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆಲೇ ಕೊಳ್ಳಬೇಕಿತ್ತು, ಅಲ್ಲಿ ಕಮ್ಮಿ ರೇಟಿಗೆ ಸಿಗೋದು ಬೇಕಾದ ಶುದ್ಧತೆಯಲ್ಲಿ ಇರ್ತಿರಲಿಲ್ಲ, ಬೇಕಾದ್ದು ತರಿಸೋಕೆ ಕಾಗದಪತ್ರ ತಿಂಗಳು ತಗೊಳ್ತಿತ್ತು. 2025ರ ಜೂನ್‌ನಲ್ಲಿ ಕೇಂದ್ರ ಈ ನಿಯಮ ಸಡಿಲ ಮಾಡಿ, ವೈಜ್ಞಾನಿಕ ಸಲಕರಣೆಗಳನ್ನ ಜೆಮ್ ಹೊರಗೂ ಕೊಳ್ಳೋ ಅಧಿಕಾರ ಸಂಸ್ಥೆಯ ಮುಖ್ಯಸ್ಥರಿಗೆ ಕೊಡ್ತು, ಟೆಂಡರ್ ಇಲ್ಲದೆ ನೇರವಾಗಿ ಕೊಳ್ಳೋ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ ಏರ್ತು. ಇದು ನಿಜಕ್ಕೂ ಒಳ್ಳೆ ಹೆಜ್ಜೆ, 1 ಲಕ್ಷ ಕೋಟಿಯ ಸದ್ದಲ್ಲಿ ಯಾರ ಗಮನಕ್ಕೂ ಬರ್ಲಿಲ್ಲ ಅನ್ನೋದೇ ಬೇಜಾರು.

ಇನ್ನು ಕಣ್ಣಿಟ್ಟು ನೋಡೋರು ಯಾರು? ಬಹುಪಾಲು ಪಿಎಚ್‌ಡಿ ವಿದ್ಯಾರ್ಥಿಗಳೇ. ಜೂನಿಯರ್ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ. ಯಶವಂತಪುರ, ಮಲ್ಲೇಶ್ವರಂ ಕಡೆ ಬಾಡಿಗೆ, ಅಡ್ವಾನ್ಸು ಎಷ್ಟು ಅಂತ ಇಲ್ಲಿನವರಿಗೆ ಬಿಡಿಸಿ ಹೇಳ್ಬೇಕಿಲ್ಲ. ಆ ದುಡ್ಡೂ ತಿಂಗಳುಗಟ್ಟಲೆ ತಡ ಆದ್ರೆ, ರಾತ್ರಿ ಹನ್ನೊಂದಕ್ಕೆ ತಟ್ಟೆಲಿ ಏನೋ ವಿಚಿತ್ರ ಕಂಡಾಗ ಇನ್ನೊಂದ್ಸಲ ಮಾಡಿ ನೋಡೋಣ ಅನ್ನೋ ಮನಸ್ಸು ಉಳಿಯೋದು ಕಷ್ಟ, ಗೈಡ್ ಹೇಳಿದ್ದನ್ನ ಮುಗಿಸಿ ಥೀಸಿಸ್ ಕೊಟ್ಟು ಹೊರಟ್ರೆ ಸಾಕು ಅನ್ಸುತ್ತೆ.

ಹೀಗೇ ಹೋದ್ರೆ ಏನಾಗಬಹುದು?

ಬೆಂಗಳೂರಿನ ಮಟ್ಟಿಗೆ ಚಿತ್ರ ಸುಮಾರಾಗಿ ಕಾಣುತ್ತೆ. ಆರ್‌ಡಿಐ ದುಡ್ಡಿನಿಂದ ಇಲ್ಲಿನ ಬಯೋಟೆಕ್, ಡೀಪ್‌ಟೆಕ್ ಸ್ಟಾರ್ಟಪ್‌ಗಳಿಗೆ ಅನುಕೂಲ ಆಗುತ್ತೆ, ಅದರಲ್ಲಿ ಸಂಶಯ ಇಲ್ಲ. ಬೇರೆಯವರು ಕಂಡುಹಿಡಿದ ಔಷಧಿಯನ್ನ ಕಮ್ಮಿ ಬೆಲೆಗೆ ಮಾಡೋದ್ರಲ್ಲಿ ನಾವು ಪಳಗಿದ್ದೀವಿ, ಬೆಂಗಳೂರಿನ ಬಯೋಕಾನ್ ಕಂಪನಿ ಸಿರೋಲಿಮಸ್, ಕಸಿಗೆ ಬಳಸೋ ಟ್ಯಾಕ್ರೋಲಿಮಸ್‌ನಂಥ ಔಷಧಿಗಳನ್ನೇ ತಯಾರಿಸುತ್ತೆ, ಅದು ಸಣ್ಣ ಸಾಧನೆ ಅಲ್ಲ. ಆದ್ರೆ ಹಂತ 4ಕ್ಕೆ ಬಂದು ನಿಂತ ಐಡಿಯಾಗಳು ನಮ್ಮಲ್ಲೇ ಹುಟ್ಟದಿದ್ರೆ ಹೊರಗಿನ ಐಡಿಯಾಕ್ಕೆ ಲೈಸೆನ್ಸ್ ತಗೋಬೇಕು, ಇಲ್ಲಾ ಪೇಟೆಂಟ್ ಮುಗಿಯೋವರೆಗೆ ಕಾಯಬೇಕು. ಸಕ್ಕರೆ ಕಾಯಿಲೆಗೆ, ತೂಕ ಇಳಿಸೋಕೆ ಕೊಡೋ ಸೆಮಾಗ್ಲುಟೈಡ್ ವಿಷಯದಲ್ಲಿ ಆಗಿದ್ದು ಇದೇ, 2017ರಲ್ಲಿ ಅಮೆರಿಕದಲ್ಲಿ ಬಂದ ಔಷಧಿಯ ಅಗ್ಗದ ರೂಪಕ್ಕೆ ಇಲ್ಲಿನ ಪೇಟೆಂಟ್ 2026ರ ಮಾರ್ಚ್‌ನಲ್ಲಿ ಮುಗಿಯೋವರೆಗೆ ಕಾಯಬೇಕಾಯ್ತು. ಕಾಯೋ ಅಷ್ಟು ವರ್ಷ ರೋಗಿ ಕಾಯೋಕಾಗಲ್ಲ.

ನಮ್ಮದೇ ತೊಂದ್ರೆಗಳ ವಿಷಯದಲ್ಲಿ ಇದು ಇನ್ನೂ ಗಂಭೀರ. ಆಂಟಿಬಯೋಟಿಕ್‌ಗೆ ಜಗ್ಗದ ಸೋಂಕುಗಳು ಇಲ್ಲಿನ ಐಸಿಯುಗಳಲ್ಲಿ ಹೆಚ್ಚಾಗ್ತಿವೆ, ಹಳೇ ಆಂಟಿಬಯೋಟಿಕ್‌ಗಳು ಬಂದಿದ್ದೆಲ್ಲಾ ಹೆಚ್ಚುಕಮ್ಮಿ ಮಣ್ಣಿನ ಸೂಕ್ಷ್ಮಜೀವಿಗಳಿಂದ. ಪಶ್ಚಿಮ ಘಟ್ಟದ ಮಣ್ಣು ನಮ್ಮ ಹಿತ್ತಲಲ್ಲೇ ಇದೆ. ಅದನ್ನ ಇಂಚಿಂಚು ಜಾಲಾಡೋ ಕೆಲಸಕ್ಕೆ ಎರಡನೇ ವರ್ಷದ ಕೊನೆಗೆ ಏನು ಸಿಗುತ್ತೆ ಅಂತ ಯಾರೂ ಬರೆದುಕೊಡೋಕಾಗಲ್ಲ.

2020ರಲ್ಲಿ ಬೆಂಗಳೂರಿನ ಪ್ರತಿ ವಾರ್ಡ್‌ನಲ್ಲೂ ಮೂಗಿಗೆ ಕಡ್ಡಿ ಹಾಕಿಸ್ಕೊಳ್ಳೋಕೆ ಜನ ಕ್ಯೂ ನಿಂತಿದ್ರಲ್ಲ, ಆ ಆರ್‌ಟಿ-ಪಿಸಿಆರ್ ಟೆಸ್ಟ್‌ನ ಬುಡದಲ್ಲಿರೋದೂ ಇಂಥದ್ದೇ ಕೆಲಸ. 1966ರಲ್ಲಿ ಥಾಮಸ್ ಬ್ರಾಕ್ ಅನ್ನೋ ವಿಜ್ಞಾನಿ ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸಿನೀರಿನ ಬುಗ್ಗೆಗಳಲ್ಲಿ ಯಾವ ಜೀವಿ ಬದುಕುತ್ತೆ ಅಂತ ನೋಡೋಕೆ ಹೋಗಿದ್ರು, ಅಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಒಂದು ಕಿಣ್ವ ಕುದಿಯೋ ಬಿಸಿಯ ಹತ್ತಿರಕ್ಕೆ ಹೋದ್ರೂ ಕೆಡಲ್ಲ, ಡಿಎನ್‌ಎಯನ್ನ ಮತ್ತೆ ಮತ್ತೆ ಕಾಯಿಸಿ ನಕಲು ಮಾಡೋ ಪಿಸಿಆರ್‌ಗೆ ಬೇಕಾಗಿದ್ದು ಅದೇ ಗುಣ. ಅವರು ಬುಗ್ಗೆಗೆ ಇಳಿದಾಗ ಪಿಸಿಆರ್ ಅನ್ನೋದೇ ಇರ್ಲಿಲ್ಲ, ಅದು ಹುಟ್ಟಿದ್ದು 1983ರಲ್ಲಿ.

ಮುಂದಿನ ಬಜೆಟ್ ದಿನ ಟಿವಿಯಲ್ಲಿ ವಿಜ್ಞಾನಕ್ಕೆ ಇಷ್ಟು ಕೋಟಿ ಅಂತ ದೊಡ್ಡ ಅಂಕಿ ಬಂದಾಗ ಮೂರು ವಿಷಯ ಕೇಳಿ ನೋಡಿ: ಅದರಲ್ಲಿ ಸಾಲ ಎಷ್ಟು, ಅನುದಾನ ಎಷ್ಟು, ಹೊರಗಿಂದ ಬರ್ಬೇಕಾಗಿದ್ದ 36,000 ಕೋಟಿಯಲ್ಲಿ ಬಂದಿದ್ದೆಷ್ಟು. ಆ ಲೆಕ್ಕದ ಗಡುವು ಇರೋದು 2028ಕ್ಕೆ.